ಅರವತ್ತೊಂಬತ್ತು ಮೀಟರ್

ಕೇಬಲ್ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತಿದರೆ ಸಾಕು, ಒಳಗಿರುವುದು ತಾಮ್ರವೋ ಅಲ್ಯೂಮಿನಿಯಮ್ಮೋ ಹೇಳಿಬಿಡುತ್ತೇನೆ ಎಂದು ಬಡಾಯಿ ಕೊಚ್ಚಿಕೊಳ್ಳುತ್ತ ಓಡಾಡಿದವನು ನಾನು. ಮನೆಮನೆಗೆ ಇಂಟರ್‌ನೆಟ್ ಎಳೆಯುವುದು ನನ್ನ ಕೆಲಸ. ಈ ಕೆಲಸದಲ್ಲಿ ಎರಡು ಬಗೆಯ ಕೇಬಲ್ ಸಿಗುತ್ತದೆ. ಒಂದರಲ್ಲಿ ಎಂಟು ತಂತಿಗಳೂ ಅಪ್ಪಟ ತಾಮ್ರ. ಇನ್ನೊಂದರಲ್ಲಿ ಅಲ್ಯೂಮಿನಿಯಮ್ ತಂತಿಗೆ ತಾಮ್ರದ ತೆಳು ಲೇಪ. ಹೊರಗಿನಿಂದ ನೋಡಿದರೆ ಎರಡೂ ಅಣ್ಣ ತಮ್ಮಂದಿರ ಹಾಗಿರುತ್ತವೆ. ಲೇಪದ್ದು ಹಗುರ; ಹಾಕಿದ ದಿನ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಕೈ ಕೊಡುತ್ತದೆ. ಚಾಕುವಿನ ತುದಿಯಿಂದ ತಂತಿಯನ್ನು ಕೆರೆದರೆ ಅರ್ಧ ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ತಾಮ್ರವಾದರೆ ಒಳಗೂ ಕೆಂಪು, ಇಲ್ಲದಿದ್ದರೆ ಬಿಳಿ. ನಾನು ಕೆರೆಯುತ್ತಿರಲಿಲ್ಲ. ಅದೆಲ್ಲ ಹೊಸಬರ ಕೆಲಸ, ನನ್ನ ಕೈಯೇ ತಕ್ಕಡಿ ಅನ್ನುತ್ತಿದ್ದೆ. ಆ ಕೈಗೆ ಬೆಂಕಿ ಬೀಳಲಿ.

ನನ್ನ ಜೊತೆಗಾರ ನನ್ನ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ. ಹನ್ನೊಂದು ವರ್ಷ ಇಬ್ಬರೂ ಒಂದೇ ಏಣಿಯಲ್ಲಿ ದುಡಿದೆವು. ನಾನು ಮೇಲೆ ಹತ್ತಿದರೆ ಅವನು ಕೆಳಗೆ ಹಿಡಿಯುತ್ತಿದ್ದ. ಅಂಗಡಿಗೆ ಹೋಗಿ ಕೇಬಲ್ ಆರಿಸಿ ತರುವುದು ಅವನ ಪಾಲು; ಎಳೆದು, ಕಟ್ಟಿ, ಅಂದವಾಗಿ ಕೂರಿಸುವುದು ನನ್ನ ಪಾಲು. ಅವನು ಆರಿಸುವುದನ್ನು ನೋಡುವುದೇ ಒಂದು ಚೆಂದ. ಹೊದಿಕೆಯನ್ನು ಬೆರಳಲ್ಲಿ ಹಿಸುಕುತ್ತಿದ್ದ, ತುದಿ ಬಿಡಿಸಿ ಜೋಡಿ ತಂತಿಗಳ ಹೊಸೆತ ಒತ್ತಾಗಿದೆಯೋ ಇಲ್ಲವೋ ನೋಡುತ್ತಿದ್ದ, ಒಂದು ತಂತಿಯನ್ನು ಹತ್ತಾರು ಸಲ ಮಡಿಸಿ ಬಿಚ್ಚಿ ಮುರಿಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ. "ಕೇಬಲ್ ತಗೊಳ್ತಿದೀಯೋ, ಅಳಿಯನ್ನ ಹುಡುಕ್ತಿದೀಯೋ" ಎಂದು ಅಂಗಡಿಯವನು ರೇಗಿಸುತ್ತಿದ್ದ. ಇವನು ನಕ್ಕು ಇನ್ನೊಂದು ತುದಿ ಬಿಡಿಸುತ್ತಿದ್ದ.

ಅವನಿಗಿದ್ದ ಒಂದೇ ಕಾಯಿಲೆಯೆಂದರೆ ತಿರುವು ಬಂದಲ್ಲೆಲ್ಲ ಕೇಬಲ್ಲನ್ನು ದುಂಡಗೆ, ಸಡಿಲವಾಗಿ ಬಿಡುವುದು. "ಅದಕ್ಕೂ ಉಸಿರಾಡೋಕೆ ಜಾಗ ಬೇಕು ಭಾವ" ಅನ್ನುತ್ತಿದ್ದ. "ನಿನ್ನ ಪ್ಯಾಂಟನ್ನೂ ಹಾಗೇ ಬಿಡ್ತೀಯೇನೋ" ಎಂದು ನಾನು ಗದರುತ್ತಿದ್ದೆ. ಅವನಿಗೆ ಸಡಿಲಪ್ಪ ಎಂದು ಹೆಸರಿಟ್ಟವನು ನಾನೇ. ನನಗೆ ಕೇಬಲ್ ಅಂದರೆ ಗೋಡೆಗೆ ಗೆರೆ ಎಳೆದ ಹಾಗೆ ಕೂರಬೇಕು. ಮೂಲೆ ಮೂಲೆಯ ಹಾಗೆಯೇ ಇರಬೇಕು. ಪ್ಲಾಸ್ಟಿಕ್ ಟೈ ಕಟ್ಟಿ, ಇಕ್ಕಳದಲ್ಲಿ ಹಿಡಿದು ಇನ್ನೆರಡು ಹಲ್ಲು ಎಳೆದರೇ ನನಗೆ ಸಮಾಧಾನ. ನೆಟ್ವರ್ಕ್ ಕೇಬಲ್ಲನ್ನು ಹಾಗೆ ಹಿಂಡಬಾರದು, ಒಳಗಿನ ಹೊಸೆತ ಕೆಡುತ್ತದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಅದು ಕೈಲಾಗದವರಿಗೆ ಹೇಳಿದ ಮಾತು ಅಂದುಕೊಂಡಿದ್ದೆ.

ಆರು ವರ್ಷದ ಹಿಂದೆ ನಾಲ್ಕು ಮಹಡಿಯ ಒಂದು ಕಟ್ಟಡದ ಕೆಲಸ ಸಿಕ್ಕಿತು. ಮಹಡಿಗೆ ಮೂರು ಮನೆ, ಒಟ್ಟು ಹನ್ನೆರಡು. ನೆಲಮಹಡಿಯ ಒಂದು ಪುಟ್ಟ ಕೋಣೆಯಿಂದ ಪ್ರತಿ ಮನೆಗೂ ಒಂದೊಂದು ಕೇಬಲ್. ಲಿಫ್ಟಿನ ಪಕ್ಕದಲ್ಲಿ ವಿದ್ಯುತ್ ತಂತಿಗಳು ಏರುವ ಕಿರಿದಾದ ಗೂಡೊಂದಿತ್ತು. ನಾನು ಅದರಲ್ಲೇ ಎಳೆಯೋಣ ಅಂದೆ. "ಲಿಫ್ಟಿನ ಪವರ್ ಲೈನ್ ಪಕ್ಕದಲ್ಲಿ ಬೇಡ ಭಾವ, ಸಿಗ್ನಲ್ ಕೆಡುತ್ತೆ, ಮೆಟ್ಟಿಲ ಕಡೆಯಿಂದ ಹೋಗೋಣ" ಅಂದ ಭಾವಮೈದ. "ಮೆಟ್ಟಿಲ ಕಡೆ ಪೈಪು ಕಾಣುತ್ತೆ, ಅಸಹ್ಯ" ಎಂದು ಅವನ ಬಾಯಿ ಮುಚ್ಚಿಸಿದೆ.

ಅವತ್ತು ಬೆಳಿಗ್ಗೆ ಭಾವಮೈದ ಎರಡು ಪೆಟ್ಟಿಗೆ ತಂದಿದ್ದ. ಎರಡನೆಯದನ್ನು ಎತ್ತಿದಾಗ ಹಗುರವೆನಿಸಿತು. ಏನೋ ಇರಬೇಕು ಎಂದುಕೊಂಡು ಸುಮ್ಮನಾದೆ. ಮೇಲಿನಿಂದ ಶುರು ಮಾಡುವುದು ನನ್ನ ಪದ್ಧತಿ. ನಾಲ್ಕನೇ ಮಹಡಿಯ ಮೂರೂ ಮನೆಗೆ ಆ ಹಗುರ ಪೆಟ್ಟಿಗೆಯಿಂದಲೇ ಎಳೆದೆವು. ಗೂಡಿನ ಉದ್ದಕ್ಕೂ ಕಟ್ಟಿದೆ, ಮೇಲಿನ ತಿರುವಿನಲ್ಲಿ ಮಡಚಿ ಕೂರಿಸಿದೆ, ಟೈಗಳನ್ನು ಇಕ್ಕಳದಲ್ಲಿ ಎಳೆದೆ. ಮುಗಿದ ಮೇಲೆ ದೂರ ನಿಂತು ನೋಡಿ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ತಿಂಗಳು ತುಂಬುವಷ್ಟರಲ್ಲಿ ದೂರು ಬಂತು. ನಾಲ್ಕನೇ ಮಹಡಿಯ ಮೂರು ಮನೆಯಲ್ಲೂ ಸಂಜೆಯಾದರೆ ಇಂಟರ್‌ನೆಟ್ ಬಂದು ಬಂದು ಹೋಗುತ್ತದೆ. ಸಂಜೆ ಎಲ್ಲರೂ ಕೆಲಸದಿಂದ ಮರಳಿ ಲಿಫ್ಟು ಬಿಡುವಿಲ್ಲದೆ ಓಡುವ ಹೊತ್ತು. ಅಷ್ಟು ಸಾಕಿತ್ತು ಯೋಚಿಸುವವನಿಗೆ. ನಾನು ಎರಡು ಸಲ ಹೋಗಿ ತುದಿಗಳನ್ನು ಬದಲಾಯಿಸಿದೆ, ರೂಟರ್ ಬದಲಾಯಿಸಿದೆ. ಏನೂ ಆಗಲಿಲ್ಲ. ಮೂರನೇ ಸಲ ಕಟ್ಟಡದ ಕಾರ್ಯದರ್ಶಿ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಅವರು ನಿವೃತ್ತ ಹೆಡ್‌ಮಾಸ್ಟರು. ಅವರ ಜೊತೆ ನಾಲ್ಕೈದು ಮನೆಯವರೂ ಕೂತಿದ್ದರು.

"ತಪ್ಪು ಎಲ್ಲಿದೆ, ಯಾರದ್ದು? ಅದನ್ನ ಹೇಳಿ ಮೊದಲು" ಅಂದರು ಅವರು. ಕ್ಲಾಸಿನಲ್ಲಿ ಹುಡುಗರನ್ನು ನಿಲ್ಲಿಸಿ ಕೇಳಿದ ಹಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೆಲಸದಲ್ಲಿ ತಪ್ಪು ಹುಡುಕಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ಕ್ಷಣದಲ್ಲಿ ಹಗುರ ಪೆಟ್ಟಿಗೆ ನೆನಪಾಯಿತು.

"ಕೇಬಲ್ಲೇ ಸರಿ ಇಲ್ಲ ಸಾರ್. ತಂದವನನ್ನ ಕೇಳಿ" ಅಂದೆ.

ಭಾವಮೈದ ನನ್ನ ಕಡೆ ತಿರುಗಿದ. "ಏನು ಭಾವ?"

"ಏನಿಲ್ಲ. ಪೆಟ್ಟಿಗೆ ಎತ್ತಿದಾಗಲೇ ಗೊತ್ತಾಯ್ತು ನಂಗೆ. ತಾಮ್ರ ಅಂತ ಹೇಳಿ ಲೇಪದ್ದು ತಂದಿದೀಯ. ಹನ್ನೊಂದು ವರ್ಷ ನಂಬಿದ್ದಕ್ಕೆ ಒಳ್ಳೇ ಉಡುಗೊರೆ ಕೊಟ್ಟೆ ಕಣೋ."

ಮೇಜಿನ ಮೇಲೆ ಅದೇ ಕೇಬಲ್ಲಿನ ಒಂದು ಗೇಣು ತುಂಡು ಬಿದ್ದಿತ್ತು. ನನ್ನ ಜೇಬಿನಲ್ಲಿ ಚಾಕು ಇತ್ತು. ಅವನು ಆ ತುಂಡನ್ನು ನೋಡಿದ, ಆಮೇಲೆ ನನ್ನನ್ನೇ ನೋಡಿದ. ತುಂಬ ಹೊತ್ತು ನೋಡಿದ. ಕೆರೆದು ತೋರಿಸುತ್ತೇನೆ ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕೈಯಲ್ಲಿದ್ದ, ಕೇಬಲ್ ಪರೀಕ್ಷಿಸುವ ಟೆಸ್ಟರನ್ನು ಮೇಜಿನ ಮೇಲಿಟ್ಟು, "ಸರಿ ಭಾವ" ಎಂದು ಎದ್ದು ಹೋದ. ಮೌನಂ ಸಮ್ಮತಿ ಲಕ್ಷಣಂ ಅಂದರು ಹೆಡ್‌ಮಾಸ್ಟರು. ಹೌದು ಹೌದು ಎಂದು ನಾನು ತಲೆಯಾಡಿಸಿದೆ.

ಮರುವಾರ ನಾನೊಬ್ಬನೇ ಹೊಸ ಪೆಟ್ಟಿಗೆ ತಂದು ಮೂರು ಮನೆಗೂ ಮತ್ತೆ ಎಳೆದೆ. ಗೂಡಿನಲ್ಲಿ ಇನ್ನೊಂದು ಕಟ್ಟಿಗೆ ಜಾಗವಿರಲಿಲ್ಲ, ಹಳೆಯದನ್ನು ಬಿಚ್ಚಿ ತೆಗೆಯಲು ಪುರುಸೊತ್ತಿರಲಿಲ್ಲ. ಹಾಗಾಗಿ ಮೆಟ್ಟಿಲ ಕಡೆ ಪೈಪು ಹಾಕಿ ತಂದೆ. ಕೆಳಗೆ ಏಣಿ ಹಿಡಿಯುವವರಿಲ್ಲದೆ ಬಿಗಿಯಾಗಿ ಕಟ್ಟಲೂ ಆಗಲಿಲ್ಲ, ಅಲ್ಲಲ್ಲಿ ಜೋತುಬಿಟ್ಟಿತು. ಅವತ್ತು ಸಂಜೆಯಿಂದಲೇ ಇಂಟರ್‌ನೆಟ್ ಒಂದು ಸಲವೂ ನಿಲ್ಲಲಿಲ್ಲ. "ನೋಡಿದ್ರಾ ಸಾರ್, ನಾನು ಹೇಳ್ಲಿಲ್ವಾ" ಎಂದೆ ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಬದಲಾಯಿಸಿ ಕುಣಿದು ತೋರಿಸಿದವನು ನಾನೊಬ್ಬನೇ ಇರಬೇಕು.

ಮಾತು ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಹರಡಿದವನೂ ನಾನೇ. ಅಂಗಡಿಯಲ್ಲಿ ಹೇಳಿದೆ, ಬೇರೆ ಕಟ್ಟಡದವರಿಗೆ ಹೇಳಿದೆ, ಕೇಳದವರಿಗೂ ಹೇಳಿದೆ. ಅವನಿಗೆ ಕೆಲಸ ಕೊಡುವವರು ಇಲ್ಲವಾದರು. ವರ್ಷದೊಳಗೆ ಕೇಬಲ್ಲಿನ ಕೆಲಸವನ್ನೇ ಬಿಟ್ಟು, ತನ್ನ ಹೆಂಡತಿ ಹೊಲಿಯುವ ಪರದೆಗಳನ್ನು ಮನೆಗಳಿಗೆ ಕೂರಿಸಲು ಹೊರಟ. ನಮ್ಮ ಮನೆಯಲ್ಲಿ ಅವನ ಹೆಸರೆತ್ತಕೂಡದು ಎಂದು ಕಟ್ಟುನಿಟ್ಟು ಮಾಡಿದೆ. ಹೆಂಡತಿ ಎತ್ತಲಿಲ್ಲ. ನನ್ನ ಅಮ್ಮ ತೀರಿಕೊಂಡ ದಿನ ಅವನು ಬಂದ, ಹೆಗಲು ಕೊಟ್ಟ, ಯಾರ ಹತ್ತಿರವೂ ಮಾತಾಡದೆ ಹೋದ. ಮುಖ ತೋರಿಸೋಕೆ ನಾಚಿಕೆ ಇರಬೇಕು ಅಂದುಕೊಂಡೆ. ಅವತ್ತೂ ಹಾಗಂದುಕೊಂಡೆನಲ್ಲ, ನನ್ನ ಜನ್ಮಕ್ಕಿಷ್ಟು.

ಕಳೆದ ವಾರ ಆ ಕಟ್ಟಡದಲ್ಲಿ ಹಳೇ ಲಿಫ್ಟು ತೆಗೆದು ಹೊಸದು ಕೂರಿಸುವ ಕೆಲಸ ಶುರುವಾಯಿತು. ಗೂಡಿನ ಗೋಡೆ ಒಡೆಯುತ್ತೇವೆ, ನಿಮ್ಮ ಕೇಬಲ್ಲುಗಳನ್ನು ಬದಿಗೆ ಸರಿಸಿಕೊಡಿ ಎಂದು ಕರೆದರು. ಹೋದೆ. ಮೇಸ್ತ್ರಿ ಗೋಡೆ ಒಡೆದು, ಒಳಗೆ ಸತ್ತು ಬಿದ್ದಿದ್ದ ಆ ಮೂರು ಹಳೇ ಕೇಬಲ್ಲುಗಳನ್ನು ಎಳೆದು ಹೊರಗೆ ಹಾಕಿದ್ದ.

"ಇದ್ಯಾರ್ರೀ ಕಟ್ಟಿದ್ದು? ಪ್ರಾಣ ಹೋಯ್ತು ನಂದು ಬಿಡಿಸೋಷ್ಟರಲ್ಲಿ" ಅಂದ.

ನಾನು ಕೂತು ಒಂದನ್ನು ಕೈಗೆತ್ತಿಕೊಂಡೆ. ಟೈ ಕಟ್ಟಿದ್ದ ಜಾಗದಲ್ಲೆಲ್ಲ ಹೊದಿಕೆ ಸೊಂಟದ ಹಾಗೆ ಸಣ್ಣಗಾಗಿತ್ತು. ಮೇಲಿನ ತಿರುವಿನಲ್ಲಿ ಚಪ್ಪಟೆಯಾಗಿ ಬೆಳ್ಳಗೆ ಸುಕ್ಕು ಬಿದ್ದಿತ್ತು. ಅಲ್ಲೇ ಕತ್ತರಿಸಿ, ಒಂದು ತಂತಿ ಬಿಡಿಸಿ, ಯಾಕೋ ಏನೋ, ಚಾಕು ತೆಗೆದು ಕೆರೆದೆ. ಕೆಂಪು. ಇನ್ನೂ ಆಳಕ್ಕೆ ಕೆರೆದೆ. ಕೆಂಪು. ಎಂಟು ತಂತಿಗಳನ್ನೂ ಕೆರೆದೆ. ಎರಡನೇ ಕೇಬಲ್ಲು, ಮೂರನೇ ಕೇಬಲ್ಲು. ಎಲ್ಲ ಅಪ್ಪಟ ತಾಮ್ರ. ಜಜ್ಜಿದ ಭಾಗಗಳನ್ನು ತೆಗೆದು, ಚೆನ್ನಾಗಿದ್ದ ಉದ್ದವನ್ನು ಅಂಗಳದಲ್ಲಿ ಹಾಸಿ ಟೆಸ್ಟರಿಗೆ ಹಾಕಿದೆ. ದೀಪಗಳು ಒಂದರ ಹಿಂದೊಂದು ಹಸಿರಾಗಿ ಹತ್ತಿದವು. ಲ್ಯಾಪ್‌ಟಾಪು ತಂದು ವೇಗ ನೋಡಿದೆ. ಪೂರ್ತಿ ವೇಗ. ಕೇಬಲ್ಲಿಗೆ ಏನೂ ಆಗಿರಲಿಲ್ಲ. ನಾನು ಕಟ್ಟಿದ ಜಾಗದಲ್ಲಿ ಮಾತ್ರ ಅದು ಕೆಟ್ಟಿತ್ತು. ಕೆಳಗಿನ ಮಹಡಿಗಳ ಕೇಬಲ್ಲಿಗೆ ಲಿಫ್ಟಿನ ತಂತಿಯ ಸಹವಾಸವೂ ಕಡಿಮೆ, ಅಷ್ಟು ಬಿಗಿದ ತಿರುವೂ ಇರಲಿಲ್ಲ; ಹಾಗಾಗಿ ಅವು ಬಚಾವಾಗಿದ್ದವು.

ಹಾಗಾದರೆ ಆ ಪೆಟ್ಟಿಗೆ ಹಗುರವಿದ್ದದ್ದು ಯಾಕೆ? ನನ್ನ ಕೈ ಸುಳ್ಳು ಹೇಳಿತೇ? ಈ ಕೇಬಲ್ಲುಗಳ ಹೊದಿಕೆಯ ಮೇಲೆ ಮೀಟರಿಗೊಂದರಂತೆ ಸಂಖ್ಯೆ ಅಚ್ಚಾಗಿರುತ್ತದೆ. ಹೊಸ ಪೆಟ್ಟಿಗೆಯಿಂದ ಮೊದಲು ಹೊರಬರುವ ತುದಿಯಲ್ಲಿ ಮುನ್ನೂರೈದು. ಎಳೆಯುತ್ತ ಹೋದಂತೆ ಇಳಿಯುತ್ತದೆ. ಮೂರೂ ಕೇಬಲ್ಲುಗಳನ್ನು ಒರೆಸಿ ಓದಿದೆ. ಅವುಗಳಲ್ಲಿ ದೊಡ್ಡ ಸಂಖ್ಯೆ ಇನ್ನೂರ ಮೂವತ್ತಾರು. ಅಂದರೆ ನನ್ನ ಕೈಗೆ ಬರುವ ಮೊದಲೇ ಆ ಪೆಟ್ಟಿಗೆಯಿಂದ ಅರವತ್ತೊಂಬತ್ತು ಮೀಟರ್ ಯಾರೋ ತೆಗೆದಿದ್ದರು. ಹಗುರವಿರದೆ ಇನ್ನೇನು.

ಯಾರೋ ಅಲ್ಲ. ಎಲ್ಲಿಗೆ ಹೋಗಿದೆಯೆಂದು ನನಗೆ ಅಲ್ಲೇ ಕೂತಲ್ಲಿ ಹೊಳೆಯಿತು.

ನಮ್ಮದು ಮೂರನೇ ಮಹಡಿಯ ಮನೆ. ಅಮ್ಮನಿಗೆ ಕೊನೆಕೊನೆಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅಂಗಳದ ಆಚೆ ತುದಿಯಲ್ಲಿ ನೆಲಮಟ್ಟದ ಒಂದು ಕೋಣೆ ಹಿಡಿದು ಇರಿಸಿದ್ದೆವು. ದೂರದಲ್ಲಿದ್ದ ನನ್ನ ಅಕ್ಕನ ಮುಖವನ್ನು ದಿನಕ್ಕೊಮ್ಮೆ ಫೋನಿನಲ್ಲಿ ನೋಡಬೇಕು ಅನ್ನುವುದೊಂದೇ ಅವಳ ಆಸೆ. ನಮ್ಮ ಮನೆಯ ವೈಫೈ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. "ನಾಳೆ ಒಂದು ಕೇಬಲ್ ಎಳೆದುಬಿಡ್ತೀನಮ್ಮ" ಅನ್ನುತ್ತ ನಾನು ನಾಲ್ಕು ತಿಂಗಳು ತಳ್ಳಿದೆ. ಊರಿಗೆಲ್ಲ ಇಂಟರ್‌ನೆಟ್ ಎಳೆಯುವ ಮಗ! ಒಂದು ಭಾನುವಾರ ಮನೆಗೆ ಬಂದರೆ ಅಮ್ಮ ಮಂಚದಲ್ಲಿ ಕೂತು ಅಕ್ಕನ ಜೊತೆ ಮಾತಾಡುತ್ತಿದ್ದಳು, ಭಾವಮೈದ ಗೋಡೆಗೆ ಕೊನೆಯ ಮೊಳೆ ಹೊಡೆಯುತ್ತಿದ್ದ. ಹೊಸ ಕಟ್ಟಡದ ಕೆಲಸಕ್ಕೆ ಎರಡು ದಿನ ಮೊದಲು. ನಾನು ಅವತ್ತು ಏನಂದೆ ಎಂಬುದೂ ಚೆನ್ನಾಗಿ ನೆನಪಿದೆ. "ಮೂಲೇಲಿ ಇಷ್ಟು ಯಾಕೋ ಸಡಿಲ ಬಿಟ್ಟಿದೀಯ" ಅಂದೆ. ಕೇಬಲ್ ಎಲ್ಲಿಂದ ತಂದೆ ಎಂದು ಕೇಳಲಿಲ್ಲ.

ಮನೆಗೆ ಬಂದವನು ನೇರ ಆ ಕೋಣೆಗೆ ಹೋದೆ. ಈಗ ಅಲ್ಲಿ ನನ್ನ ಏಣಿ, ಡ್ರಿಲ್ಲು, ಪೈಪುಗಳು ಇರುತ್ತವೆ. ದಿನಕ್ಕೆರಡು ಸಲ ಹೋಗಿ ಬರುವ ಬಾಗಿಲು. ಅದರ ಚೌಕಟ್ಟಿನ ಪಕ್ಕದಲ್ಲೇ ಇಳಿದಿದ್ದ ಕೇಬಲ್ಲನ್ನು ಬೆರಳಿನಿಂದ ಒರೆಸಿದೆ. ಮುನ್ನೂರೈದು. ಮೂರನೇ ಮಹಡಿಗೆ ಹತ್ತಿ ರೂಟರಿನ ಹಿಂದೆ ನೋಡಿದೆ. ಇನ್ನೂರ ಮೂವತ್ತೇಳು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ನಾನು ಆರು ವರ್ಷ ಆ ಬುಡದಲ್ಲೇ ಕೂತಿದ್ದೆ.

ರೂಟರಿನ ಹಿಂದೆ ಮಂಡಿಯೂರಿ ಕೂತವನನ್ನು ನೋಡಿ ಹೆಂಡತಿ ಅಡುಗೆಮನೆಯಿಂದ ಬಂದಳು. "ಏನಾಯ್ತುರೀ?"

ಹೇಳಿದೆ. ಎಲ್ಲವನ್ನೂ, ಮೊದಲಿನಿಂದ. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತೇ ಕೇಳಿದಳು. ಸೆರಗಿನ ತುದಿಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಕೇಬಲ್ ವಿಷಯ ನಂಗೇನು ಗೊತ್ತು? ನನ್ನ ತಮ್ಮ ಎಂಥವನು ಅಂತ ಗೊತ್ತಿತ್ತು" ಅಂದಳು. ಆಮೇಲೆ, "ಈಗ ಅವನ ಹೆಸರು ಎತ್ತಬಹುದಾ?" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪಣೆ ಕೇಳಿದಳಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನ ಮೊದಲು ಹೆಡ್‌ಮಾಸ್ಟರನ್ನು ಹುಡುಕಿಕೊಂಡು ಹೋದೆ, ಅವರೆದುರೇ ಆಡಿದ ಮಾತನ್ನು ಅವರೆದುರೇ ವಾಪಸು ತೆಗೆದುಕೊಳ್ಳೋಣವೆಂದು. ಅವರು ಮನೆ ಬಿಟ್ಟು ಮೂರು ವರ್ಷವಾಗಿತ್ತು. ಅವತ್ತು ಕೂತಿದ್ದವರಲ್ಲಿ ಒಬ್ಬರು ಸಿಕ್ಕರು. "ಯಾವ ಕೇಬಲ್ಲು? ನಂಗೆ ನೆನಪೇ ಇಲ್ವಲ್ಲಪ್ಪ" ಅಂದರು. ಒಬ್ಬನ ಬದುಕನ್ನು ತಿರುಗಿಸಿದ ಮಾತು, ಕೇಳಿದವರಿಗೆ ನೆನಪೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾಗಲು ಐವತ್ತೆಂಟು ವರ್ಷ ಹಿಡಿಯಿತು.

ಮಧ್ಯಾಹ್ನ ಭಾವಮೈದನ ಪರದೆ ಅಂಗಡಿಗೆ ಹೊರಟೆ. ಹೆಂಡತಿಯೂ ಬಂದಳು. ಅಂಗಡಿಯ ಎದುರು ಬಂದಾಗ ಮಾತ್ರ, "ಮೊದಲು ನೀವು ಹೋಗಿ ಮಾತಾಡಿ" ಎಂದು ರಸ್ತೆಯಾಚೆ ನಿಂತಳು.

ಕಿರಿದಾದ ಅಂಗಡಿ. ಒಂದು ಗೋಡೆಯ ತುಂಬ ಬಟ್ಟೆಯ ಸುರುಳಿಗಳು, ಕಿಟಕಿಯ ಹತ್ತಿರ ಹೊಲಿಗೆ ಯಂತ್ರ. ಅವನು ಉದ್ದದ ಮೇಜಿನ ಮೇಲೆ ಪರದೆಯ ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ರಿಂಗಿನ ಜಾಗಗಳನ್ನು ಗುರುತು ಮಾಡುತ್ತಿದ್ದ. ಕನ್ನಡಕ ಬಂದಿತ್ತು. ಕಿವಿಯ ಪಕ್ಕ ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿದವನು ಗಾಬರಿಯಾಗಲಿಲ್ಲ.

"ಬನ್ನಿ ಭಾವ, ಕೂತ್ಕೊಳ್ಳಿ" ಅಂದ, ನಿನ್ನೆ ಬಂದು ಹೋದವನಿಗೆ ಹೇಳಿದ ಹಾಗೆ.

ನಾನು ಕೂರಲಿಲ್ಲ. ಚೀಲದಿಂದ ಕೇಬಲ್ಲಿನ ತುಂಡು ತೆಗೆದು ಅವನ ಬಟ್ಟೆಯ ಮೇಲಿಟ್ಟೆ. "ತಾಮ್ರ ಕಣೋ. ಅಪ್ಪಟ ತಾಮ್ರ. ಎಂಟೂ ಕೆರೆದು ನೋಡಿದೆ, ಟೆಸ್ಟರಿಗೂ ಹಾಕಿದೆ. ಹಾಳು ಮಾಡಿದ್ದು ನಾನು. ಅಮ್ಮನ ಕೋಣೆಗೆ ನೀನು ತೆಗೆದಿದ್ದು ಅರವತ್ತೊಂಬತ್ತು ಮೀಟರು, ಅದನ್ನೂ ನೋಡಿದೆ. ತಪ್ಪಾಯ್ತು. ದೊಡ್ಡ ತಪ್ಪಾಯ್ತು ಮಾರಾಯ."

ಅವನು ತುಂಡನ್ನು ಮುಟ್ಟಲಿಲ್ಲ. "ತಾಮ್ರ ಅಂತ ನಂಗೆ ಗೊತ್ತಲ್ಲ ಭಾವ. ತಂದವನು ನಾನೇ" ಅಂದ.

"ಮತ್ತೆ ಅವತ್ತು ಯಾಕೋ ಹೇಳ್ಲಿಲ್ಲ? ಮೇಜಿನ ಮೇಲೇ ಇತ್ತಲ್ಲ! ಒಂದ್ಸಲ ಕೆರೆದು ನೋಡಿ ಅಂದಿದ್ರೆ ಮುಗೀತಿತ್ತಲ್ಲ!" ಕ್ಷಮೆ ಕೇಳಲು ಹೋದವನು ಅಲ್ಲೂ ದನಿಯೇರಿಸಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಅವನು ಕನ್ನಡಕ ತೆಗೆದು ಅಂಗಿಯಿಂದ ಒರೆಸಿಕೊಂಡ. "ಆ ಹೆಡ್‌ಮಾಸ್ಟರು ಕೇಳಿದ್ರೆ ಕೆರೆದು ತೋರಿಸ್ತಿದ್ದೆ. ಅಂಗಡಿಯವನು ಕೇಳಿದ್ರೂ ತೋರಿಸ್ತಿದ್ದೆ. ನಿಮಗೂ ತೋರಿಸ್ಬೇಕಾ ಭಾವ?"

ಹೊಲಿಗೆ ಯಂತ್ರದ ಮುಂದಿದ್ದ ಅವನ ಹೆಂಡತಿ ಎದ್ದು ಒಳಗೆ ಹೋದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೇ ಹೇಳಿದೆ. ವಾಪಸು ಬಾ, ಇನ್ನು ಮೇಲೆ ನೀನು ಹೇಳಿದ ಹಾಗೆ ಕಟ್ಟೋಣ, ಅಂಗಡಿ ಅಂಗಡಿಗೂ ಹೋಗಿ ನಾನೇ ಹೇಳಿ ಬರುತ್ತೇನೆ ಅಂದೆ.

ಅವನು ಮತ್ತೆರಡು ಗುರುತು ಹಾಕಿದ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟ.

"ನೀವು ಬರ್ತೀರಿ ಅಂತ ಕಾದಿದ್ದು ನಿಜ ಭಾವ. ಎರಡು ವರ್ಷ ಕಾದೆ. ಬಾಗಿಲು ಸದ್ದಾದ್ರೆ ನೀವೇ ಅಂತ ನೋಡ್ತಿದ್ದೆ. ಆದ್ರೆ ಕೇಬಲ್ ನೋಡ್ಕೊಂಡು ಬರ್ತೀರಿ ಅಂತ ಅಲ್ಲ. ಏನೂ ನೋಡ್ದೇನೇ ಬರ್ತೀರಿ ಅಂತ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಅವನು ಹೇಳಿದ್ದು ನಿಜ. ಆ ಗೋಡೆ ಒಡೆಯದೇ ಹೋಗಿದ್ದರೆ ನಾನು ಸಾಯುವವರೆಗೂ ಇಲ್ಲಿಗೆ ಬರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸಾಕ್ಷಿ ಹಿಡಿದುಕೊಂಡು ಕ್ಷಮೆ ಕೇಳಲು ಬಂದಿದ್ದೆ. ತುಂಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಬಟ್ಟೆಯ ಮೇಲೆ ಗಾರೆಯ ಧೂಳು ಅಂಟಿತ್ತು; ಒರೆಸಲು ಹೋಗಿ ಇನ್ನಷ್ಟು ಮಾಡಿದೆ.

"ಬಿಡಿ ಭಾವ, ಒಗೆದ್ರೆ ಹೋಗುತ್ತೆ" ಅಂದ. ಆಮೇಲೆ, "ಅಕ್ಕ ಹೇಗಿದಾಳೆ?" ಎಂದು ಕೇಳಿದ.

"ಬಂದಿದಾಳೆ. ರಸ್ತೆ ಆಚೆ ನಿಂತಿದಾಳೆ."

ಅವನು ನನ್ನನ್ನು ದಾಟಿಕೊಂಡು, ಹೆಚ್ಚುಕಮ್ಮಿ ತಳ್ಳಿಕೊಂಡೇ, ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಓಡಿದ. ಕಿಟಕಿಯಿಂದ ನೋಡಿದೆ. ಅವಳು ಅವನ ನರೆತ ಕೂದಲನ್ನು ಮುಟ್ಟಿ ಏನೋ ಅಂದಳು. ಅವನು ಏನೋ ಅಂದ. ಹೆಂಡತಿ ಜೋರಾಗಿ ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಕೇಳಿ ಎಷ್ಟು ದಿನವಾಯಿತು ಎಂದು ಎಣಿಸಲು ನೋಡಿದೆ. ಆರು ವರ್ಷ. ನಾನು ಕಿತ್ತುಕೊಂಡದ್ದು ಅವನೊಬ್ಬನಿಂದ ಅಂದುಕೊಂಡೇ ಇಲ್ಲಿಗೆ ಬಂದಿದ್ದೆ.

ಅವನ ಹೆಂಡತಿ ಒಳಗಿನಿಂದ ನೀರು ತಂದು ಮೇಜಿನ ಮೇಲಿಟ್ಟಳು. ನಾನು ಈಗ ಕೂತೆ. ಹೊರಗಿನವರು ನನ್ನನ್ನು ಕರೆಯುತ್ತಾರೇನೋ ಎಂದು ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ಕೂತಿದ್ದೆ.